ಮೆಕ್ಕೆಜೋಳದ ಬಯಲಿನಲ್ಲಿ ಸಾಲು ಸುಂಟರಗಾಳಿ

ಪ್ರಶ್ನೆ: ನಾವು ಅಮೆರಿಕದ ಒಮಾಹಾ ನಗರದ ಅಂಚಿನಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. 2024ರ ಏಪ್ರಿಲ್ 26ರಂದು ಸೈರನ್ ಮೊಳಗಿದಾಗ ಏನು ಮಾಡಬೇಕೆಂದು ತೋಚಲಿಲ್ಲ. ಒಂದೇ ದಿನ ಅಷ್ಟೊಂದು ಸುಂಟರಗಾಳಿ ಏಳುವುದು ಹೇಗೆ? ಈ ವಸಂತಕ್ಕೆ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ನೆಲಮಾಳಿಗೆಯಿಲ್ಲದ ನಾವು ಅವರನ್ನು ಎಲ್ಲಿ ಕೂರಿಸಬೇಕು?

ಉತ್ತರ: ಜಾಗದ ಮಾತೇ ಮೊದಲು. ಎರಡನೇ ಮಹಡಿಯಲ್ಲಿ ಉಳಿಯಬೇಡಿ. ಕೆಳಮನೆಯವರನ್ನು ಇಂದೇ ಕೇಳಿಕೊಳ್ಳಿ. ಅವರ ಮನೆಯ ನಡುವಿನ, ಕಿಟಕಿಯಿಲ್ಲದ ಬಚ್ಚಲುಮನೆ ಸಾಕು. ತಲೆಗೆ ಹೆಲ್ಮೆಟ್, ಮೈಮೇಲೆ ಹಾಸಿಗೆ ಇರಲಿ. ಹಿರಿಯರು ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತಾರೆ. ಗಾಳಿ ಹೋದ ಮೇಲೆ ನಡೆಯಬೇಕಾದದ್ದು ಒಡೆದ ಗಾಜು, ಮೊಳೆಗಳ ಮೇಲೆ. ಹಾಗಾಗಿ ಅವರ ಬೂಟುಗಳನ್ನು ಆ ಬಚ್ಚಲುಮನೆಯಲ್ಲೇ ಇಟ್ಟುಬಿಡಿ. ‘ವಾಚ್’ ಎಂದರೆ ಸುಂಟರಗಾಳಿ ಏಳುವ ಹವೆ ಇದೆ ಎಂದರ್ಥ. ‘ವಾರ್ನಿಂಗ್’ ಎಂದರೆ ಕಣ್ಣಿಗೋ ರೇಡಾರಿಗೋ ಅದು ಬಿದ್ದಾಗಿದೆ, ಕೂಡಲೇ ಇಳಿಯಬೇಕು ಎಂದು. ಇದನ್ನು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಒಮ್ಮೆ ಮೆಟ್ಟಿಲಿಳಿಸಿ ಅಭ್ಯಾಸ ಮಾಡಿಸಿ. ಸೈರನ್ ಇರುವುದು ಹೊರಗಿರುವವರಿಗಾಗಿ. ಮಲಗಿದವರಿಗೆ ಕೇಳದೇ ಹೋಗಬಹುದು. ಮೊಬೈಲ್ ಎಚ್ಚರಿಕೆಯನ್ನು ಬಂದ್ ಮಾಡಬೇಡಿ.

ಇನ್ನು ಕಾರಣ. ಮೆಕ್ಸಿಕೋ ಕೊಲ್ಲಿಯಿಂದ ತೇವದ ಬಿಸಿಗಾಳಿ ನೆಲಕ್ಕೆ ಅಂಟಿಕೊಂಡು ಬರುತ್ತದೆ. ಅದರ ಮೇಲೆ ನೈಋತ್ಯದ ಎತ್ತರದ ಒಣನೆಲದ ಗಾಳಿ, ಇನ್ನೂ ಮೇಲೆ ರಭಸದ ತಂಪು ಗಾಳಿ. ಕೆಳಗಿನ ಗಾಳಿಯ ದಿಕ್ಕು, ವೇಗ ಬೇರೆ, ಮೇಲಿನದು ಬೇರೆ. ಹೀಗಾಗಿ ನಡುವಿನ ಗಾಳಿ ಲಟ್ಟಣಿಗೆಯಂತೆ ಅಡ್ಡಡ್ಡ ಉರುಳುತ್ತದೆ. ಗುಡುಗುಮೋಡ ಕೆಳಗಿನ ಬಿಸಿಗಾಳಿಯನ್ನು ಮೇಲಕ್ಕೆ ಹೀರುವಾಗ ಆ ಲಟ್ಟಣಿಗೆಯನ್ನೇ ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಇಡೀ ಮೋಡವೇ ತಿರುಗತೊಡಗುತ್ತದೆ, ಸುಂಟರಗಾಳಿ ಇಳಿಯುವುದು ಇಂಥ ಮೋಡದಿಂದ. ಇಂಥ ಹವೆ ಒಂದೆರಡು ಊರಿಗೆ ಸೀಮಿತವಲ್ಲ, ನೂರಾರು ಕಿಲೋಮೀಟರ್ ಹರಡಿರುತ್ತದೆ. ಆದ್ದರಿಂದ ಅಂದು ನಿಮ್ಮ ನೆಬ್ರಾಸ್ಕಾ ರಾಜ್ಯದ ಲಿಂಕನ್, ಒಮಾಹಾ ಅಂಚಿನ ಎಲ್ಕ್‌ಹಾರ್ನ್, ಪಕ್ಕದ ಅಯೋವಾ ರಾಜ್ಯದ ಮಿಂಡನ್ ಎಲ್ಲ ಒಂದೇ ದಿನ ಪೆಟ್ಟು ತಿಂದವು. ಎಲ್ಕ್‌ಹಾರ್ನ್‌ನಲ್ಲಿ ಮನೆಗಳು ನೆಲಸಮವಾದರೂ ಒಂದು ಜೀವವೂ ಹೋಗಲಿಲ್ಲ. ಎಚ್ಚರಿಕೆ ಹೊತ್ತಿಗೆ ಸರಿಯಾಗಿ ಬಂದಿತ್ತು, ಜನ ಕೆಳಗಿಳಿದಿದ್ದರು.

ಪ್ರಶ್ನೆ: ಬರೀ ಹೊಲದ ಮೇಲೆ ಹಾದುಹೋದ ಸುಂಟರಗಾಳಿಯ ಬಲವನ್ನು ಹೇಗೆ ಅಳೆಯುತ್ತಾರೆ?

ಉತ್ತರ: ಸುಂಟರಗಾಳಿಗೆ 0ಯಿಂದ 5ರವರೆಗೆ ಅಂಕ ಕೊಡುವ ಇಎಫ್ (ಎನ್‌ಹ್ಯಾನ್ಸ್‌ಡ್ ಫುಜಿಟಾ) ಮಾಪಕ ನೋಡುವುದು ಏನೇನು ಮುರಿದಿದೆ ಎಂಬುದನ್ನು. ಮುರಿಯಲು ಏನೂ ಇಲ್ಲದ ಕಡೆ ಅಂಕ ಕಡಿಮೆಯೇ ಬರುತ್ತದೆ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೋ ಬಳಿ ಎದ್ದದ್ದು 4.2 ಕಿ.ಮೀ. ಅಗಲವಿತ್ತು, ಅದಕ್ಕೆ ಸಿಕ್ಕಿದ್ದು ಇಎಫ್-3. ಇದಕ್ಕೆ ಉಲ್ಟಾ, 2025ರ ಜೂನ್ 20ರಂದು ಉತ್ತರ ಡಕೋಟಾದ ಎಂಡರ್ಲಿನ್ ಬಳಿ ಗೂಡ್ಸ್ ರೈಲೊಂದು ದಾರಿಯಲ್ಲಿ ಸಿಕ್ಕಿತು. ಬೋಗಿಗಳನ್ನು ಹಾಗೆ ಎತ್ತಿ ಎಸೆಯಲು ಗಾಳಿಗೆ ಎಷ್ಟು ವೇಗ ಬೇಕೆಂದು ಲೆಕ್ಕ ಹಾಕಿ, ತಿಂಗಳುಗಳ ನಂತರ ಅದನ್ನು ಇಎಫ್-5 ಎಂದು ಘೋಷಿಸಿದರು. ಅಂದರೆ ಗಂಟೆಗೆ 322 ಕಿ.ಮೀ.ಗೂ ಹೆಚ್ಚು ವೇಗ. ಅಂಕ ಸಣ್ಣದೆಂದು ಬಯಲಿನಲ್ಲಿ ನಿಂತು ವಿಡಿಯೊ ತೆಗೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಪ್ರಶ್ನೆ: ನಾನು ಹಾವೇರಿಯ ಮೆಕ್ಕೆಜೋಳದ ರೈತ. ಇಂಥ ಸುಂಟರಗಾಳಿ ಬಂದಾಗ ಒಮಾಹಾ ಕಡೆಯ ರೈತರ ಬೆಳೆ ಏನಾಗುತ್ತದೆ?

ಉತ್ತರ: ಏಪ್ರಿಲ್ ಕೊನೆ ಅಲ್ಲಿ ಬಿತ್ತನೆಯ ಕಾಲ, ಹಾಗಾಗಿ ಬೆಳೆ ಹಾನಿ ಕಡಿಮೆ. ಐದಾರು ಎಲೆ ಬರುವವರೆಗೆ ಸುಳಿ ಮಣ್ಣಿನೊಳಗೇ ಇರುವುದರಿಂದ ಆಲಿಕಲ್ಲು ಎಲೆ ಹರಿದರೂ ಪೈರು ಮತ್ತೆ ಚಿಗುರುತ್ತದೆ. ಹೋಗುವುದು ಕೊಟ್ಟಿಗೆ, ನೀರಾವರಿಯ ಉದ್ದನೆಯ ಚಕ್ರದ ಕೊಳವೆಸಾಲು, ಹಿಂದಿನ ವರ್ಷದ ಕಾಳು ತುಂಬಿದ ತಗಡಿನ ಕಣಜ. ಅದಕ್ಕಿಂತ ಪೀಡೆಯೆಂದರೆ ಹೊಲದ ತುಂಬ ಚೆಲ್ಲಿದ ಮೊಳೆ, ತಂತಿ, ತಗಡಿನ ಚೂರು. ನೆರೆಹೊರೆಯವರು ಕಳೆ ತೆಗೆಯುವಂತೆ ಸಾಲಾಗಿ ನಡೆದು ಅವನ್ನು ಬಕೆಟ್‌ಗೆ ಆಯುತ್ತಾರೆ. ಉಳಿದ ಒಂದು ಮೊಳೆ ಸಾಕು, ಟ್ರ್ಯಾಕ್ಟರ್ ಟೈರು ಹೋಗುತ್ತದೆ. ಮೇವಿನಲ್ಲಿ ಬೆರೆತ ತಂತಿಯನ್ನು ದನ ಅಗಿಯದೆ ನುಂಗಿದರೆ ಅದು ಹೊಟ್ಟೆಯ ಗೋಡೆ ತೂರಿ ಹೃದಯಕ್ಕೂ ಚುಚ್ಚಬಹುದು. ಅದಕ್ಕೇ ಅಲ್ಲಿನ ದನಗಾರರು ಬೆರಳುದ್ದದ ಅಯಸ್ಕಾಂತವನ್ನು ದನಕ್ಕೆ ನುಂಗಿಸುತ್ತಾರೆ. ಅದು ಹೊಟ್ಟೆಯಲ್ಲೇ ಉಳಿದು, ಒಳಹೋದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ.