ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಆಗಿನ ಸಮಾಜದ ಮೌಲ್ಯಗಳು ಕಾಣುತ್ತವೆಯೇ, ಅಥವಾ ಅವು ಬರೀ ಅಂದಕ್ಕೆ ಮಾಡಿದವೇ?

ಕಾಣುತ್ತವೆ. ಆದರೆ ಯಾರ ಮೌಲ್ಯ ಅಂತ ಕೇಳಬೇಕು. ಆಳುವವರಿಗೆ ಬೇಕಾದದ್ದು ಒಂದು, ದುಡ್ಡು ಕೊಟ್ಟು ಚಿತ್ರ ಕೊಳ್ಳುವವರಿಗೆ ಬೇಕಾದದ್ದು ಇನ್ನೊಂದು. ಇವೆರಡರ ಜಗ್ಗಾಟ ನೋಡೋದೇ ನನಗೆ ಮಜಾ.

ಈಗ ಮ್ಯೂಸಿಯಂ ಗಾಜಿನ ಹಿಂದೆ ಇರುವುದರಿಂದ ಇವು ಭಾರೀ ದೊಡ್ಡವರ ಕಲೆ ಅನ್ನಿಸುತ್ತವೆ. ಆದರೆ ಆಗಿನ ಎಡೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಒಂದು ಹಾಳೆಯ ಬೆಲೆ ಹೆಚ್ಚುಕಮ್ಮಿ ಒಂದು ಬಟ್ಟಲು ನೂಡಲ್ಸ್‌ನಷ್ಟು. ಸಮಾಜದ ಮೆಟ್ಟಿಲಲ್ಲಿ ಸಮುರಾಯ್ ಮೇಲೆ, ವ್ಯಾಪಾರಿ ಕೆಳಗೆ. ಆದರೆ ಜೇಬು ತುಂಬಿದ್ದು ವ್ಯಾಪಾರಿಯದ್ದು. ಅವನಿಗೆ ಕಬುಕಿ ಎಂಬ ನಾಟಕದ ನಟರು ಬೇಕು, ಚೆಲುವೆಯರು ಬೇಕು, ಪ್ರವಾಸದ ಜಾಗಗಳು ಬೇಕು. ಸರ್ಕಾರಕ್ಕೆ ಬೇಕಾದದ್ದು ಮಿತವ್ಯಯ ಮತ್ತು ಶಿಸ್ತು. 1790ರಿಂದ ಚಿತ್ರಕ್ಕೆ ಒಪ್ಪಿಗೆಯ ಮುದ್ರೆ ಕಡ್ಡಾಯವಾಯಿತು. ಹಳೆಯ ಹಾಳೆಗಳ ಮೂಲೆಯಲ್ಲಿ ಕಾಣುವ ಪುಟ್ಟ ದುಂಡು ಮುದ್ರೆ ಅದೇ.

1793ರಲ್ಲಿ ಇನ್ನೊಂದು ತಡೆ ಬಂತು. ಸೂಳೆಗೇರಿಯವರನ್ನು ಬಿಟ್ಟು ಬೇರೆ ಹೆಂಗಸರ ಹೆಸರನ್ನು ಚಿತ್ರದ ಮೇಲೆ ಹಾಕುವಂತಿಲ್ಲ. ಚಹಾ ಅಂಗಡಿಯ ಸುಂದರಿ ನಾನಿವಾಯಾ ಒಕಿತಾ ಆಗ ಊರಿಗೆಲ್ಲ ಗೊತ್ತಿದ್ದವಳು. ಚಿತ್ರಕಾರ ಉತಮಾರೊ ಏನು ಮಾಡಿದ ನೋಡಿ. ಅವಳ ಚಿತ್ರದ ಮೂಲೆಯಲ್ಲಿ ಎರಡು ಕಟ್ಟು ಸೊಪ್ಪು, ಒಂದು ಬಾಣ, ಕಡಲು, ಗದ್ದೆ ಬರೆದ. ಜಪಾನಿ ಭಾಷೆಯಲ್ಲಿ ಎರಡು ಕಟ್ಟು ಸೊಪ್ಪು ‘ನಾ-ನಿ-ವಾ’, ಬಾಣ ‘ಯಾ’, ದೂರದ ಕಡಲು ‘ಒಕಿ’, ಗದ್ದೆ ‘ತಾ’. ಹೆಸರು ಬರೆದಿಲ್ಲ, ಆದರೆ ಓದಬಹುದು! 1796ರಲ್ಲಿ ಈ ಒಗಟನ್ನೂ ನಿಲ್ಲಿಸಿದರು. 1804ರಲ್ಲಿ ಹಿಂದಿನ ಕಾಲದ ದೊರೆ ಹಿದೆಯೋಶಿಯ ಚಿತ್ರ ಮಾಡಿದ್ದಕ್ಕೆ ಉತಮಾರೊನ ಕೈಗೇ ಕೋಳ ಬಿತ್ತು.

ಹಾಗಂತ ಕೊಳ್ಳುವವರೆಲ್ಲ ಒಳ್ಳೆಯವರು ಅಂತಲ್ಲ. ಯೊಶಿವಾರಾ ಎಂಬ ಸೂಳೆಗೇರಿಯ ಹುಡುಗಿಯರಲ್ಲಿ ಎಷ್ಟೋ ಜನ ಬಡತನಕ್ಕೆ ಮಾರಾಟವಾದವರು. ಚಿತ್ರದಲ್ಲಿ ಅವರ ಕಿಮೋನೊದ ಒಂದೊಂದು ಎಳೆಯೂ ಕಾಣುತ್ತದೆ, ಅವರ ತಲೆ ಮೇಲಿನ ಸಾಲ ಮಾತ್ರ ಎಲ್ಲೂ ಕಾಣುವುದಿಲ್ಲ. ನೋಡಲು ಚಂದ, ಆದರೆ ಅದೊಂಥರಾ ಜಾಹೀರಾತು ಅಲ್ವಾ?

ನನಗೆ ಜಾಸ್ತಿ ಇಷ್ಟವಾಗೋದು 1855ರ ಭೂಕಂಪದ ನಂತರದ ಬೆಕ್ಕುಮೀನಿನ ಚಿತ್ರಗಳು. ನೆಲದಡಿಯ ದೈತ್ಯ ಮೀನು ಹೊರಳಿದರೆ ಭೂಮಿ ನಡುಗುತ್ತದೆ ಅಂತ ಅಲ್ಲಿನ ನಂಬಿಕೆ. ಎಡೊದ ಎಷ್ಟೋ ಭಾಗ ನೆಲಸಮವಾದ ಕೆಲವೇ ದಿನಕ್ಕೆ ಸಹಿಯಿಲ್ಲದ, ಮುದ್ರೆಯಿಲ್ಲದ ಹಾಳೆಗಳು ಮಾರಾಟಕ್ಕೆ ಬಂದವು. ಕೆಲವದರಲ್ಲಿ ಜನ ಮೀನಿಗೆ ಬಡಿಯುತ್ತಿದ್ದಾರೆ. ಇನ್ನು ಕೆಲವದರಲ್ಲಿ ಶ್ರೀಮಂತರ ಬಾಯಿಂದ ಚಿನ್ನದ ನಾಣ್ಯ ಕಕ್ಕಿಸಲಾಗುತ್ತಿದೆ, ಬಡಗಿಗಳು, ಗಾರೆಯವರು ಅದನ್ನು ಬಾಚಿಕೊಳ್ಳುತ್ತಿದ್ದಾರೆ. ಊರು ಕಟ್ಟುವ ಕೆಲಸ ಅವರಿಗೇ ತಾನೆ ಸಿಕ್ಕಿದ್ದು!

ಮುಂದಿನ ಸಲ ಚಿತ್ರಕಾರ ಹೊಕುಸಾಯ್‌ನ ಆ ದೊಡ್ಡ ಅಲೆ ಕಂಡಾಗ, ಅಲೆ ಬಿಟ್ಟು ಕೆಳಗೆ ನೋಡಿ. ಮೂರು ದೋಣಿ ಇವೆ. ಎಡೊಗೆ ತಾಜಾ ಮೀನು ಸಾಗಿಸುವ ದೋಣಿಗಳು. ಹುಟ್ಟು ಹಾಕುವವರು ತಲೆ ತಗ್ಗಿಸಿ ಗಟ್ಟಿಯಾಗಿ ಹಿಡಿದು ಕೂತಿದ್ದಾರೆ. ನಾನು ಎಷ್ಟೋ ವರ್ಷ ಅವರನ್ನು ಗಮನಿಸಿಯೇ ಇರಲಿಲ್ಲ.