ಬೆರಳಿನ ನರ ಬೆಳೆಯತ್ತೆ, ಬೆನ್ನುಹುರಿದು ಯಾಕೆ ಬೆಳೆಯಲ್ಲ?

ಪ್ರಶ್ನೆ: ಗಾಜು ತಾಗಿ ನನ್ನ ಬೆರಳಿನ ನರ ತುಂಡಾಗಿತ್ತು, ಹೊಲಿದ್ಮೇಲೆ ಕೆಲವು ತಿಂಗಳಲ್ಲಿ ಸ್ಪರ್ಶ ವಾಪಸ್ ಬಂತು. ಆದ್ರೆ ಬೆನ್ನುಹುರಿಗೆ ಪೆಟ್ಟಾಗಿರೋ ನಮ್ಮ ಭಾವನಿಗೆ ‘ನರ ಮತ್ತೆ ಬೆಳೆಯಲ್ಲ’ ಅಂದ್ಬಿಟ್ರು. ಬೆಳೆಯೋದನ್ನ ತಡೆಯೋ ಪ್ರೋಟೀನ್ ಇದ್ಯಂತೆ. ದೇಹ ಅಂಥದ್ದನ್ನ ಯಾಕೆ ಮಾಡ್ಕೊಳ್ಳತ್ತೆ? ಅದನ್ನ ತೆಗೆದ್ಹಾಕಿದ್ರೆ ಆಗಲ್ವಾ?

ಉತ್ತರ: ಬೆನ್ನುಹುರಿಯ ನರಕ್ಕೆ ಬೆಳೆಯೋ ತಾಕತ್ತೇ ಇಲ್ಲ ಅಂತ ತುಂಬಾ ಕಾಲ ನಂಬಿದ್ರು. 1981ರಲ್ಲಿ ಡೇವಿಡ್ ಮತ್ತು ಅಗುವಾಯೊ ಅನ್ನೋ ವಿಜ್ಞಾನಿಗಳು ಇಲಿಯ ಕಾಲಿನ ನರದ ತುಂಡನ್ನ ಬೆನ್ನುಹುರಿಗೆ ಸೇತುವೆ ಥರ ಜೋಡಿಸಿದ್ರು, ನೋಡಿದ್ರೆ ಅದೇ ‘ಬೆಳೆಯದ’ ನರತಂತುಗಳು ಆ ಸೇತುವೆ ಒಳಗೆ 3 ಸೆಂಟಿಮೀಟರ್‌ವರೆಗೂ ಹೋದ್ವು, ಆಮೇಲೆ ಮತ್ತೆ ಬೆನ್ನುಹುರಿ ಒಳಗೆ ಕಾಲಿಟ್ಟ ಕೂಡ್ಲೆ ನಿಂತ್ಬಿಟ್ವು. ಅಂದ್ರೆ ತೊಂದ್ರೆ ನರದಲ್ಲಷ್ಟೇ ಅಲ್ಲ, ಅದು ಹೋಗ್ಬೇಕಾದ ದಾರೀಲೂ ಇದೆ. ಆ ದಾರೀಲಿ ಕೂತಿರೋ ತಡೆಯೋ ಪ್ರೋಟೀನ್‌ಗಳಲ್ಲಿ ಒಂದು ನೋಗೋ-ಎ (ಚಿಕ್ಕದಾಗಿ ನೋಗೋ), ವಿಜ್ಞಾನಿ ಮಾರ್ಟಿನ್ ಶ್ವಾಬ್ ತಂಡ 1988ರಲ್ಲಿ ಇದರ ಸುಳಿವು ಹಿಡೀತು, ಜೀನ್ ಸಿಕ್ಕಿದ್ದು 2000ದಲ್ಲಿ. ನರತಂತುಗೆ ಸುತ್ತಿರೋ ಮೈಲಿನ್ ಅನ್ನೋ ಕೊಬ್ಬಿನ ಹೊದಿಕೇಲಿ ಇದು ಇರತ್ತೆ.

ಬೆಳೀತಿರೋ ನರತಂತುವಿನ ತುದಿ ಅಗಲಿಸಿದ ಅಂಗೈ ಥರ ಇರತ್ತೆ, ಸಣ್ಣ ಸಣ್ಣ ಬೆರಳು ಚಾಚಿ ಮುಂದೆ ಏನಿದೆ ಅಂತ ತಡಕಾಡ್ತಾ ಹೋಗತ್ತೆ. ಆ ಬೆರಳು ನೋಗೋಗೆ ತಾಗಿದ್ರೆ ಅದರ ಮೇಲಿರೋ ರಿಸೆಪ್ಟರ್ (ಸಂಕೇತ ಹಿಡಿಯೋ ಪ್ರೋಟೀನ್) ಒಳಗಡೆ ರೋ-ಎ ಅನ್ನೋ ಸ್ವಿಚ್ ಥರದ ಪ್ರೋಟೀನ್‌ನ ಆನ್ ಮಾಡತ್ತೆ, ಬೆರಳನ್ನ ಚಾಚಿ ಹಿಡಿದಿದ್ದ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳು ಕುಸೀತವೆ, ಇಡೀ ತುದಿ ಮುಟ್ಟಿದರೆ ಮುನಿ ಎಲೆ ಹಾಗೆ ಮುದುಡ್ಕೊಳ್ಳತ್ತೆ. ನಿಮ್ಮ ಕೈಬೆರಳಲ್ಲಾದ್ರೆ ಹಳೇ ಮೈಲಿನ್ ಚೂರನ್ನ ಶ್ವಾನ್ ಕೋಶಗಳೂ (ಅಲ್ಲಿ ಮೈಲಿನ್ ಸುತ್ತೋ ಕೋಶಗಳು) ಮ್ಯಾಕ್ರೋಫೇಜ್‌ಗಳೂ (ಕಸ ನುಂಗೋ ರಕ್ಷಣಾ ಕೋಶಗಳು) ಬೇಗ ಗುಡಿಸಿ ಹಾಕ್ತವೆ, ತಂತು ದಿನಕ್ಕೆ ಸುಮಾರು 1 ಮಿಲಿಮೀಟರ್ ಮುಂದೆ ಹೋಗತ್ತೆ. ಬೆನ್ನುಹುರೀಲಿ ಆ ಕಸ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರತ್ತೆ.

ದೇಹ ಯಾಕೆ ಮಾಡ್ಕೊಳ್ಳತ್ತೆ ಅಂದ್ರಲ್ಲ, ಭ್ರೂಣದಲ್ಲಿ ಸ್ಲಿಟ್, ಸೆಮಾಫೋರಿನ್ ಥರದ ಪ್ರೋಟೀನ್‌ಗಳು ‘ಈ ಕಡೆ ಬರ್ಬೇಡ’ ಅಂತ ದೂಡದೇ ಇದ್ದಿದ್ರೆ ತಂತುಗಳು ಎಲ್ಲೆಲ್ಲೋ ನುಗ್ತಿದ್ವು. ದೊಡ್ಡವರಾದ್ಮೇಲೆ ಸರಿಯಾಗಿ ಕೂತಿರೋ ವೈರಿಂಗ್ ಕದಲದ ಹಾಗೆ ನೋಡ್ಕೊಳ್ಳೋದ್ರಲ್ಲಿ ನೋಗೋ ಪಾಲಿದೆ. ಅದಕ್ಕೇ ಇದನ್ನ ವಿಲನ್ ಅನ್ನೋಕೆ ನಂಗೆ ಮನಸ್ಸಿಲ್ಲ.

ತೆಗೆದ್ರೆ? 2003ರಲ್ಲಿ ಮೂರು ಲ್ಯಾಬ್‌ಗಳು ನೋಗೋ ಇಲ್ಲದ ಇಲಿಗಳನ್ನ ಮಾಡಿ ನೋಡಿದ್ವು, ಒಂದ್ರಲ್ಲಿ ತಂತು ಚೆನ್ನಾಗಿ ಬೆಳೀತು, ಇನ್ನೊಂದ್ರಲ್ಲಿ ಅಲ್ಪಸ್ವಲ್ಪ, ಮತ್ತೊಂದ್ರಲ್ಲಿ ಏನೂ ಇಲ್ಲ. ಗಾಯದ ಕಲೇಲಿರೋ ಕಾಂಡ್ರಾಯ್ಟಿನ್ ಸಲ್ಫೇಟ್ ಅನ್ನೋ ಸಕ್ಕರೆ ಸರಪಳಿ ಥರದ ಬೇರೆ ಅಡ್ಡಿಗಳು ಹಾಗೇ ಇರ್ತವಲ್ಲ, ಅದ್ರ ಮೇಲೆ ದೊಡ್ಡವರಾದ್ಮೇಲೆ ನರಕೋಶಕ್ಕೇ ಬೆಳೆಯೋ ಹುಮ್ಮಸ್ಸು ಕಮ್ಮಿ. ನೋಗೋಗೆ ಅಂಟ್ಕೊಂಡು ಅದರ ಕೆಲಸ ತಡೆಯೋ ಆಂಟಿಬಾಡಿ ಅನ್ನೋ ಪ್ರೋಟೀನ್‌ನ ಜನರ ಮೇಲೂ ಟ್ರಯಲ್ ಮಾಡಿದ್ದಾರೆ, ಒಟ್ಟಾರೆ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ, ಬೆನ್ನುಹುರಿ ಪೂರ್ತಿ ಹಾಳಾಗದೆ ಇದ್ದೋರಲ್ಲಿ ಮಾತ್ರ ಸ್ವಲ್ಪ ಆಸೆ ಹುಟ್ಟಿಸೋ ಸುಳಿವು ಸಿಕ್ಕಿದೆ. ಆ ಟ್ರಯಲ್‌ಗೆ ಸೇರಿಸಿಕೊಂಡಿದ್ದು ಪೆಟ್ಟಾಗಿ ಕೆಲವೇ ವಾರ ಆಗಿದ್ದೋರನ್ನ, ಹಾಗಾಗಿ ನಿಮ್ಮ ಭಾವನಿಗೆ ಪೆಟ್ಟಾಗಿ ಎಷ್ಟು ಕಾಲ ಆಯ್ತು, ಗಾಯ ಪೂರ್ತಿನಾ ಅರೆಬರೆನಾ ಅಂತ ಮೊದ್ಲು ಅವರ ಡಾಕ್ಟರ್ ಹತ್ರ ಕೇಳಿ.