ಅಪ್ಪ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ ಇರುವ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬರಬೇಕಾ, ಅಲ್ಲೇ ಬಿಡಬೇಕಾ?

ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಕರ್ಕೊಂಡು ಬರೋಣ ಅಂತಿದ್ದೀನಿ ಎಂದು ಬರೆದಿದ್ದೀರಿ. ಆ 'ಬೀಗ ಹಾಕಿ' ಅನ್ನೋ ಮಾತು ಓದಿ ನನಗೆ ಸುಮ್ನೆ ಕೂರೋಕೆ ಆಗಲಿಲ್ಲ. ನಾನೂ ಹಾಗೇ ಬೀಗ ಹಾಕಿದ್ದೆ. 2019ರ ಮೇ ಕೊನೆಯ ವಾರ.

ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು, ಹುಲಿಕಲ್ ಘಾಟಿಯ ಕಡೆ. ಬೆಂಗಳೂರಲ್ಲಿ ವರ್ಷವಿಡೀ ಬೀಳುವ ಮಳೆಯ ಹಲವು ಪಟ್ಟು ಅಲ್ಲಿ ಬೀಳುತ್ತದೆ. ಅಪ್ಪ ಜನವರಿಯಲ್ಲಿ ಹೋದರು. ಅಮ್ಮನಿಗೆ ಆಗ 67. ಹತ್ತಿರದ ಮನೆ ಅಂದ್ರೂ ತೋಟ ದಾಟಿ ಹೋಗಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ನಾಲ್ಕು ದಿನ ಬರಲ್ಲ. ರಾತ್ರಿ ಏನಾದರೂ ಆದರೆ ಯಾರಿದ್ದಾರೆ? ಆ ಭಯ ನಿಮಗೂ ಗೊತ್ತು, ಜಾಸ್ತಿ ಹೇಳಬೇಕಿಲ್ಲ.

ನನ್ನ ಹೆಂಡತಿ ಒಂದು ಮಾತು ಹೇಳಿದ್ದಳು, "ಅತ್ತೆಯನ್ನ ಸರಿಯಾಗಿ ಒಂದ್ಸಲ ಕೇಳಿ." ಕೇಳೋದೇನಿದೆ ಎಂದುಬಿಟ್ಟೆ. ಎರಡು ವಾರದಲ್ಲಿ ಎಲ್ಲ ಮುಗಿಸಿದೆ. ತೋಟವನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟೆ. ದನವನ್ನು ಪಕ್ಕದ ಊರಿನವರಿಗೆ ಮಾರಿದೆ. ಹೊರಡುವಾಗ ಅಮ್ಮ ಹೇಳಿದ್ದು ಇಷ್ಟೇ, "ಮಳೆಗಾಲ ಮುಗಿದ ಮೇಲೆ ಬಂದ್ರಾಯ್ತು." ಹೂಂ ಅಂದೆ. ಅಮ್ಮ ಹೊರಟಿದ್ದು ನಾಲ್ಕು ತಿಂಗಳಿಗೆ. ನಾನು ಹೊರಡಿಸಿದ್ದು ಶಾಶ್ವತವಾಗಿ. ಇಬ್ಬರೂ ಬಾಯಿ ಬಿಟ್ಟು ಅದನ್ನು ಹೇಳಿಕೊಳ್ಳಲಿಲ್ಲ.

ಈಗ ಆ ಬೀಗದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಫ್ಲಾಟಿಗೆ ಬೀಗ ಹಾಕಿ ಹೋಗುವ ಹಾಗೆ ಊರಿನ ಮನೆಗೆ ಬೀಗ ಹಾಕಿದೆ. ಮೇನ್ ಸ್ವಿಚ್ ಆಫ್ ಮಾಡಿದೆ. ಕಿಟಕಿ, ಬಾಗಿಲು ಎಲ್ಲ ಬಿಗಿಯಾಗಿ ಮುಚ್ಚಿದೆ. ಮಂಚಗಳಿಗೆ ಪ್ಲಾಸ್ಟಿಕ್ ಹೊದಿಸಿದೆ, ಪೆಟ್ಟಿಗೆಗೆ ನುಸಿಗುಳಿಗೆ ಹಾಕಿದೆ. ಒಂದು ಒಡೆದ ಹೆಂಚನ್ನೂ ಬಿಡದೆ ಬದಲಾಯಿಸಿದೆ. ಎಷ್ಟು ಜಾಗ್ರತೆ ಮಾಡಿದ್ದೀನಿ ಅಂತ ಸಮಾಧಾನ ಬೇರೆ.

ಆದರೆ ಮಣ್ಣಿನ ಗೋಡೆಯ, ಹೆಂಚಿನ ಮನೆ ಬೀಗದಿಂದ ಉಳಿಯುವುದಿಲ್ಲ. ಅದು ಉಳಿಯುವುದು ಒಲೆಯಿಂದ. ದಿನಾ ಬಚ್ಚಲ ಒಲೆ ಉರಿದರೆ ಗೋಡೆ ಬೆಚ್ಚಗಿರುತ್ತದೆ, ಹೊಗೆ ಅಟ್ಟಕ್ಕೇರಿ ಹೆಂಚು ಹೊತ್ತ ಮರದ ಪಕಾಸಿ, ರೀಪುಗಳನ್ನು ಒಣಗಿಸುತ್ತದೆ. ಹೊಗೆ ಹತ್ತಿದ ಮರಕ್ಕೆ ಒರಲೆ (ಗೆದ್ದಲು) ಬೇಗ ಹತ್ತಲ್ಲ. ಇನ್ನು ಹೆಂಚು. ಮಂಗ ಬಂದು ಒಂದು ಹೆಂಚು ಸರಿಸಿ ಹೋಗುವುದು ನಮ್ಮ ಕಡೆ ವಾರಕ್ಕೊಂದು ಸಲ ಆಗುವ ಸಂಗತಿ. ಅಪ್ಪ ಇದ್ದಾಗ ನೀರು ತೊಟ್ಟಿಕ್ಕುವ ಶಬ್ದ ಕೇಳಿದ ಕೂಡಲೇ ಅಟ್ಟ ಹತ್ತಿ, ಕೋಲಿನಿಂದ ಒಳಗಿಂದಲೇ ಹೆಂಚನ್ನು ತಳ್ಳಿ ಕೂರಿಸುತ್ತಿದ್ದರು. ಐದು ನಿಮಿಷದ ಕೆಲಸ. ಆ ವರ್ಷ ಆ ಶಬ್ದ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಆರಿದ್ರಾ ಮಳೆಯಿಂದ ಹಿಡಿದು ಆಶ್ಲೇಷಾ ಮಳೆಯವರೆಗೆ ಗೋಡೆಯ ನೆತ್ತಿಯ ಮೇಲೆ ನೀರು ಸುರಿದಿದೆ. ಮಣ್ಣಿನ ಗೋಡೆ ಮೇಲಿಂದ ನೀರು ಕುಡಿದರೆ ಹೊರಗೆ ಗೊತ್ತೇ ಆಗಲ್ಲ. ಒಳಗೊಳಗೇ ಮೆತ್ತಗಾಗುತ್ತಾ ಹೋಗುತ್ತದೆ. ಕಿಟಕಿ ಮುಚ್ಚಿದ್ದರಿಂದ ಗಾಳಿಯೂ ಇಲ್ಲ.

2019ರ ಆಗಸ್ಟ್ ಮೊದಲ ವಾರದ ಮಳೆ ಮಲೆನಾಡಿನವರು ಯಾರೂ ಮರೆಯಲ್ಲ. ಆಗಲೇ ಊರಿಂದ ಫೋನ್ ಬಂತು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಗೋಡೆ ಕುಸಿದು, ಪಶ್ಚಿಮದ ಮಾಡು ಅರ್ಧ ಕೂತಿತ್ತು.

ಮಳೆ ಸ್ವಲ್ಪ ಬಿಟ್ಟ ಮೇಲೆ ಅಮ್ಮನನ್ನು ಕರ್ಕೊಂಡು ಹೋದೆ. ಅಮ್ಮ ಅಳಲಿಲ್ಲ. ಸೀದಾ ಉಗ್ರಾಣಕ್ಕೆ ಹೋದರು. ಏಪ್ರಿಲ್‌ನಲ್ಲಿ ಹಾಕಿಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಅಲ್ಲೇ ಇತ್ತು. ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಬೂಷ್ಟು ಬೆಳೆದು ಹತ್ತಿಯ ಹಾಗೆ ಬೆಳ್ಳಗಾಗಿತ್ತು. ಅಮ್ಮ ಬಟ್ಟೆ ಬಿಚ್ಚಿ ದೂರ ಎಸೆದು, ಸೆರಗಿನಿಂದ ಭರಣಿಯ ಕಂಠವನ್ನು ಸುತ್ತಲೂ ಒರೆಸಿದರು. ಒಂದು ಮಿಡಿ ತೆಗೆದು ಮೂಸಿದರು. "ಇದು ಚೆನ್ನಾಗೇ ಇದೆ" ಅಂದರು. ಆಮೇಲೆ ಭರಣಿ ಹಿಡಿದುಕೊಂಡೇ ಕೇಳಿದರು, "ಇನ್ನು ನಾನು ಹೋಗೋದೆಲ್ಲಿಗೆ?"

ನಾನೇನು ಉತ್ತರ ಕೊಟ್ಟೆನೋ ನೆನಪಿಲ್ಲ. ವಾಪಸ್ ಬಂದ ಮೇಲೆ ಒಂದು ವರ್ಷ ಅಮ್ಮ ಬೆಂಗಳೂರಿನಲ್ಲಿ ಯಾವುದಕ್ಕೂ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಟಿವಿ ಹಾಕಿದರೆ ನೋಡುತ್ತಿದ್ದರು, ಆರಿಸಿದರೆ ಎದ್ದು ಹೋಗುತ್ತಿದ್ದರು. ಅದು ನನಗೆ ಮನೆ ಬಿದ್ದದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಹಾಗಾಗಿ ಕರ್ಕೊಂಡು ಬರೋದಾ, ಬಿಡೋದಾ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎರಡರಲ್ಲೂ ತೀರ್ಮಾನ ಮಾಡುವವರು ನೀವೇ, ಅಮ್ಮ ಅಲ್ಲ. ಅಮ್ಮ ಬರಲಿ, ಖಂಡಿತ ಬರಲಿ. ಆದರೆ ಹಿಂದಕ್ಕೆ ಹೋಗುವ ದಾರಿ ಅವರ ಕೈಯಲ್ಲಿರಲಿ. ಒಂದು ವರ್ಷ ಏನನ್ನೂ ಮಾರಬೇಡಿ. ದನ ಇದ್ದರೆ ಯಾರಿಗಾದರೂ ಸಾಕೋಕೆ ಕೊಡಿ. ಕರೆಂಟ್ ಸಂಪರ್ಕ ತೆಗೆಸಬೇಡಿ. ಅಕ್ಕಪಕ್ಕದಲ್ಲಿ ನಂಬಿಕೆ ಇರುವ ಒಬ್ಬರಿಗೆ ಬೀಗದ ಕೈ ಕೊಟ್ಟು, ವಾರಕ್ಕೆ ಎರಡು ಸಲವಾದರೂ ಬಚ್ಚಲ ಒಲೆ ಉರಿಸಿ, ಕಿಟಕಿ ತೆಗೆದು, ಅಟ್ಟಕ್ಕೆ ಹತ್ತಿ ನೋಡಲು ಹೇಳಿ. ಅದಕ್ಕೆ ಸರಿಯಾಗಿ ದುಡ್ಡು ಕೊಡಿ. ಸ್ನೇಹದಲ್ಲಿ ಮಾಡ್ತಾರೆ ಅಂತ ಬಿಡಬೇಡಿ, ಆರಿದ್ರಾ ಮಳೆ ಹಿಡಿದಾಗ ಬರೀ ಸ್ನೇಹಕ್ಕೆ ಕೊಡೆ ಹಿಡಿದು ತೋಟ ದಾಟಿ ಬರೋದು ಯಾರಿಗೂ ಕಷ್ಟ.

ನಾವು ಉಳಿದ ಪೂರ್ವದ ಭಾಗವನ್ನೇ ರಿಪೇರಿ ಮಾಡಿಸಿದೆವು. ಎರಡು ಕೋಣೆ, ಒಂದು ಒಲೆ, ಒಂದು ಬಚ್ಚಲು. 2021ರಿಂದ ಅಮ್ಮ ದೀಪಾವಳಿಗೆ ಊರಿಗೆ ಹೋದರೆ ಮೃಗಶಿರಾ ಮಳೆ ಶುರುವಾಗುವ ಹೊತ್ತಿಗೆ ನಮ್ಮ ಹತ್ತಿರ ಬರುತ್ತಾರೆ. ಮಳೆಗಾಲದಲ್ಲಿ ಸೋಮವಾರ, ಶುಕ್ರವಾರ ಪಕ್ಕದ ಮನೆಯ ಅಕ್ಕ ಒಲೆ ಹಚ್ಚುತ್ತಾರೆ. ಆ ಎರಡು ದಿನ ಸಂಜೆ ಅಮ್ಮ ಅವರಿಗೆ ಫೋನ್ ಮಾಡಿ ಮೊದಲು ಕೇಳುವುದು ಒಂದೇ, "ಹೊಗೆ ಹೆಂಚಿನ ಸಂದೀಲಿ ಹೊರಗೆ ಬಂತೇನೇ?"

ನಿಮ್ಮ ಊರಿನ ಮನೆ ಮಣ್ಣಿನ ಗೋಡೆಯದ್ದಾ? ಹಾಗಿದ್ದರೆ ಈ ವಾರವೇ ಒಂದು ಸಲ ಹೋಗಿ ಬನ್ನಿ.